ರಜೌರಿಗೆ ದಾರಿ ಬಿಡಿಸಿದ ಕಾರವಾರದ ರಾಣೆ

ಪರಮವೀರ ಚಕ್ರ ಎಂದರೆ ಗುಂಡಿಗೆ ಎದೆಯೊಡ್ಡಿ ಬಂಕರ್ ಗೆದ್ದವರೇ ಕಣ್ಣ ಮುಂದೆ ಬರುತ್ತಾರೆ. ಆದರೆ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ ಅವರ ಶೌರ್ಯಪತ್ರ ಓದಿ ನೋಡಿ, ರಸ್ತೆ ಕಾಮಗಾರಿಯ ಮೇಸ್ತ್ರಿ ಬರೆದಿಟ್ಟ ದಿನಚರಿಯ ಹಾಗಿದೆ. ಎಷ್ಟು ಗಂಟೆಗೆ ಕೆಲಸ ಶುರು, ಎಷ್ಟಕ್ಕೆ ಮುಗಿಯಿತು, ಎಷ್ಟು ಮರ ತೆಗೆದದ್ದಾಯಿತು, ಬರೀ ಇಂಥದ್ದೇ.

ರಾಣೆ ಹುಟ್ಟಿದ್ದು 1918ರಲ್ಲಿ, ಕಾರವಾರದ ಬಳಿಯ ಚೆಂಡಿಯಾದಲ್ಲಿ. ಮನೆಮಾತು ಕೊಂಕಣಿ, ಅಪ್ಪ ಪೊಲೀಸ್ ಪೇದೆ. 1940ರಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್ ಸೇರಿ ಬರ್ಮಾ ಯುದ್ಧ ಕಂಡು ಬಂದವರು. 1947ರ ಡಿಸೆಂಬರ್‌ನಲ್ಲಿ ಅಧಿಕಾರಿಯಾದರು. ನಾಲ್ಕು ತಿಂಗಳೊಳಗೆ ಜಮ್ಮು ಭಾಗದ ನೌಶೇರಾದಿಂದ ರಜೌರಿಗೆ ಹೋಗುವ ರಸ್ತೆ ಅವರ ಪಾಲಿಗೆ ಬಂತು. ಕಾಶ್ಮೀರಕ್ಕಾಗಿ ಪಾಕಿಸ್ತಾನದೊಡನೆ ಯುದ್ಧ ನಡೆದಿತ್ತು, ರಜೌರಿ ಶತ್ರುವಿನ ಕೈಯಲ್ಲಿತ್ತು. ಅಲ್ಲಿಗೆ ಟ್ಯಾಂಕ್ ಮುಟ್ಟಬೇಕಾದರೆ ದಾರಿ ಬೇಕು. ದಾರಿಯುದ್ದಕ್ಕೂ ನೆಲಬಾಂಬು, ಕಡಿದುರುಳಿಸಿದ ಪೈನ್ ಮರ, ಒಡೆದ ಮೋರಿ.

1948ರ ಏಪ್ರಿಲ್ 8. ಬೆಳಗ್ಗೆ 11ಕ್ಕೆ ರಾಣೆ ತಂಡದ ಮೇಲೆ ಮಾರ್ಟರ್ ಸುರಿಯಿತು. ಇಬ್ಬರು ಸತ್ತರು, ರಾಣೆಯೂ ಸೇರಿ ಐವರಿಗೆ ಗಾಯ. ಉಳಿದವರನ್ನು ಕೂಡಿಸಿಕೊಂಡು ಅವರು ಮತ್ತೆ ಕೆಲಸಕ್ಕಿಳಿದರು. ಸಂಜೆ ಬರ್ವಾಲಿ ದಿಣ್ಣೆ ನಮ್ಮವರ ವಶವಾಯಿತು, ಆದರೆ ಸುತ್ತಲಿನ ಶತ್ರುಗಳು ಪೂರ್ತಿ ಖಾಲಿಯಾಗಿರಲಿಲ್ಲ. ಅವರ ಕಣ್ಣೆದುರಿಗೇ ರಾತ್ರಿ 10ರವರೆಗೆ ಟ್ಯಾಂಕುಗಳಿಗೆ ಸುತ್ತುದಾರಿ ಕಡಿದರು.

ಮರುದಿನ ಬೆಳಗ್ಗೆ 6ಕ್ಕೆ ಮತ್ತೆ ಶುರು. ಒಂದು ಅಡ್ಡಗಟ್ಟು ಸಿಡಿಸಿದರೆ ಮುನ್ನೂರು ಗಜ ದಾಟುವಷ್ಟರಲ್ಲಿ ಇನ್ನೊಂದು. ಕತ್ತಲಾಗುವ ಹೊತ್ತಿಗೆ ಎದುರಾದದ್ದು ಐದು ದೊಡ್ಡ ಪೈನ್ ಮರ, ಸುತ್ತ ನೆಲಬಾಂಬು, ಮೇಲಿಂದ ಮೆಷಿನ್ ಗನ್. ಅಂದು ಅಲ್ಲಿಗೇ ನಿಲ್ಲಿಸಬೇಕಾಯಿತು. 10ರ ನಸುಕಿನ 4.45ಕ್ಕೆ ಮತ್ತೆ ಅದೇ ಮರಗಳ ಬುಡಕ್ಕೆ ಹೋದರು, 6.30ಕ್ಕೆ ದಾರಿ ತೆರವು. ಮಧ್ಯಾಹ್ನ 2ಕ್ಕೆ ಟ್ಯಾಂಕುಗಳು ರಜೌರಿ ದಾರಿಯ ಊರು ಚಿಂಗಸ್ ಮುಟ್ಟಿದವು. ಹಿಂದೆ ಬರುವ ಲಾರಿಗಳಿಗೂ ರಸ್ತೆ ಬೇಕಲ್ಲ, ಊಟ ವಿಶ್ರಾಂತಿ ಬಿಟ್ಟು ರಾತ್ರಿ 9ರವರೆಗೆ ದುಡಿದರು. 11ರಂದೂ ಹಾಗೆಯೇ. 12ರಂದು ರಜೌರಿ ಕೈಸೇರಿತು.

ಆಗಿನ್ನೂ ಪರಮವೀರ ಚಕ್ರ ಅನ್ನುವ ಪದಕವೇ ಇರಲಿಲ್ಲ. ಅದನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗಿ. ವಿನ್ಯಾಸ ಮಾಡಿದ್ದು ಸಾವಿತ್ರಿ ಖಾನೋಲ್ಕರ್, ಯುರೋಪಿನಲ್ಲಿ ಹುಟ್ಟಿ ಭಾರತೀಯ ಸೇನಾಧಿಕಾರಿಯ ಕೈಹಿಡಿದ ಹೆಂಗಸು. ಕಂಚಿನ ಬಿಲ್ಲೆಯ ಮೇಲೆ ಅವರು ಇಂದ್ರನ ವಜ್ರಾಯುಧವನ್ನು ನಾಲ್ಕು ಕಡೆ ಕೂರಿಸಿದರು. ದಧೀಚಿ ಋಷಿ ತನ್ನ ಮೂಳೆಯನ್ನೇ ಕೊಟ್ಟು ಮಾಡಿಸಿದ ಆಯುಧ ಅದು. ಬೆನ್ನು ಮುರಿಯುವ ಹಾಗೆ ದುಡಿದ ರಾಣೆಗೆ ಇದಕ್ಕಿಂತ ಒಪ್ಪುವ ಚಿಹ್ನೆ ನನಗಂತೂ ಹೊಳೆಯುವುದಿಲ್ಲ.

ಈ ಪದಕ ಪಡೆದವರು ಈವರೆಗೆ 21 ಜನ. ಅವರಲ್ಲಿ 14 ಮಂದಿಗೆ ಅದು ಮರಣೋತ್ತರ. ಬದುಕಿದ್ದು ಪಡೆದವರಲ್ಲಿ ರಾಣೆ ಮೊದಲಿಗರು. ಇಂದು ನಾವು ಅವರನ್ನು ಕರ್ನಾಟಕದ ವೀರ ಎನ್ನುತ್ತೇವೆ, ಆದರೆ ಪದಕ ಬಂದಾಗ ಕಾರವಾರ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಅವರು 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಅವರ ಪ್ರತಿಮೆ ಕಾರವಾರದ ಕಡಲತೀರದಲ್ಲಿದೆ, ಚಪಲ್ ಯುದ್ಧನೌಕೆಯ ಪಕ್ಕದಲ್ಲಿ. ಹಡಗು ನೋಡಲು ಬಂದವರ ಕಣ್ಣಿಗೆ ಅದೂ ಬೀಳುತ್ತದೆ.