ಹೊರಗಿನಿಂದ 20,000 ಬಂದರೆ ಮನೆಯ ಆದಾಯ ಅಷ್ಟೇ ಏರಿತೇ?

ಪ್ರಶ್ನೆ: ಮನೆಯ ಒಬ್ಬರು ಹೊರದೇಶಕ್ಕೆ ದುಡಿಯಲು ಹೋಗಿ ತಿಂಗಳಿಗೆ 20,000 ಕಳಿಸುತ್ತಿದ್ದರೆ, ಊರಿನ ಮನೆಯ ಆದಾಯ 20,000 ಹೆಚ್ಚಾಯಿತು ಎನ್ನಬಹುದೇ?

ಎನ್ನಲಾಗದು. ಅವರು ಊರಲ್ಲೇ ಇದ್ದಿದ್ದರೂ ಏನಾದರೂ ದುಡಿಯುತ್ತಿದ್ದರಲ್ಲ, ಮೊದಲು ಅದನ್ನು ಕಳೆಯಬೇಕು. ಆ ದುಡಿಮೆ 8,000 ಎಂದುಕೊಂಡರೆ ನಿಜವಾದ ಹೆಚ್ಚಳ 12,000. ಇನ್ನು ದಲ್ಲಾಳಿಗೆ, ವೀಸಾಕ್ಕೆ, ಟಿಕೆಟ್ಟಿಗೆ ಎಂದು 2 ಲಕ್ಷ ಕೈಸಾಲ ಮಾಡಿದ್ದು, ಬಡ್ಡಿ ತಿಂಗಳಿಗೆ ನೂರಕ್ಕೆ 3 ಇದ್ದರೆ ಮೊದಲ ತಿಂಗಳ ಬಡ್ಡಿಯೇ 6,000. ಹೆಚ್ಚಳದ 12,000ವನ್ನು ಪೂರ್ತಿ ಸಾಲಕ್ಕೇ ಕಟ್ಟಿದರೂ ತೀರಲು 24 ತಿಂಗಳು ಹಿಡಿಯುತ್ತದೆ. ಎರಡು ವರ್ಷದ ಗುತ್ತಿಗೆಯ ಮೇಲೆ ಹೋದವರಿಗೆ ಸಾಲವೂ ಗುತ್ತಿಗೆಯೂ ಒಟ್ಟಿಗೇ ಮುಗಿಯುತ್ತವೆ. ಮನೆ ಕಟ್ಟುವ ದುಡ್ಡು ಎರಡನೇ ಸಲ ಹೋದಾಗಲೇ ಹುಟ್ಟುವುದು.

ಕಳಿಸುವ ಖರ್ಚು ಬೇರೆ. 200 ಡಾಲರ್ ಕಳಿಸಲು ಜಗತ್ತಿನ ಸರಾಸರಿ ವೆಚ್ಚ ಶೇ 6ಕ್ಕಿಂತ ಹೆಚ್ಚು. 2030ರೊಳಗೆ ಅದನ್ನು ಶೇ 3ಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆಯ ಗುರಿ. ‘ಶುಲ್ಕವಿಲ್ಲ’ ಎಂಬ ಕಡೆ ವಿನಿಮಯ ದರದಲ್ಲೇ ಹಣ ಮುರಿದುಕೊಂಡಿರುತ್ತಾರೆ. ಹಾಗಾಗಿ ಕೊನೆಗೆ ಕೈಗೆ ಬರುವ ಮೊತ್ತವನ್ನೇ ಹೋಲಿಸಿ ನೋಡಬೇಕು.

ಲೆಕ್ಕ ಇನ್ನೊಂದು ಕಡೆಗೂ ತಪ್ಪುತ್ತದೆ. ಐದು ಜನರ ಮನೆಯ ಆದಾಯ ಮೊದಲು 20,000 ಇತ್ತು, ತಲೆಗೆ 4,000. ಒಬ್ಬರು ಹೋದ ಮೇಲೆ ಉಳಿದವರ 12,000ಕ್ಕೆ ಬಂದ 20,000 ಸೇರಿ 32,000. ನಾಲ್ವರಿಗೆ ಹಂಚಿದರೆ ತಲೆಗೆ 8,000. ಒಟ್ಟು ಆದಾಯ ಏರಿದ್ದು ಶೇ 60, ತಲಾ ಆದಾಯ ಮಾತ್ರ ದುಪ್ಪಟ್ಟು! ಹೋದವರನ್ನು ಮನೆಯವರೆಂದು ಎಣಿಸಿದ್ದಾರೋ ಇಲ್ಲವೋ ಎಂದು ನೋಡದೆ ಯಾವ ಸಮೀಕ್ಷೆಯನ್ನೂ ನಂಬುವಂತಿಲ್ಲ.

ಇಷ್ಟೆಲ್ಲ ಕಳೆದರೂ ಉಳಿಯುವ ದೊಡ್ಡ ಲಾಭ ಕಷ್ಟಕಾಲದ ಆಸರೆ. ಫಿಲಿಪ್ಪೀನ್ಸ್‌ನಲ್ಲಿ ಮಳೆಯ ಏರುಪೇರಿನಿಂದ ಆದಾಯ ಕುಸಿದಾಗ, ಹೊರದೇಶದಲ್ಲಿ ದುಡಿಯುವವರಿದ್ದ ಮನೆಗಳಲ್ಲಿ ನಷ್ಟದ ಸುಮಾರು ಶೇ 60ರಷ್ಟನ್ನು ಹೊರಗಿನ ಹಣವೇ ತುಂಬಿತ್ತು. 1997ರ ಏಷ್ಯಾ ಆರ್ಥಿಕ ಬಿಕ್ಕಟ್ಟಿನಲ್ಲಿ ಅಲ್ಲಿನ ನಾಣ್ಯ ಪೆಸೊದ ಬೆಲೆ ಕುಸಿದು ಅದೇ ಡಾಲರಿಗೆ ಹೆಚ್ಚು ಪೆಸೊ ಸಿಕ್ಕಾಗ, ಅಂಥ ಮನೆಗಳಲ್ಲಿ ಮಕ್ಕಳ ಶಾಲೆಯ ಖರ್ಚು ಏರಿತು, ಬಾಲದುಡಿಮೆ ತಗ್ಗಿತು. ಬಂದ ಹಣವೆಲ್ಲ ಬರೀ ಉಣ್ಣಲು ಉಡಲು ಎಂಬ ದೂರು ಅಲ್ಲಂತೂ ನಿಜವಾಗಲಿಲ್ಲ.

ಯಾರಿಗೂ ಹೊರಗಿನಿಂದ ಹಣ ಬರದ ಮನೆಗಳ ಪಾಡು? ಶುರುವಿನಲ್ಲಿ ಹೋಗುವವರು ದಾರಿಖರ್ಚು ಹೊಂದಿಸಬಲ್ಲವರೇ. ಹಾಗಾಗಿ ಊರಲ್ಲಿ ಅಂತರ ಹೆಚ್ಚುತ್ತದೆ. ಮೊದಲು ಹೋದವರು ತಮ್ಮವರನ್ನು ಕರೆಸಿಕೊಳ್ಳತೊಡಗಿದಾಗ ದಲ್ಲಾಳಿಯ ಖರ್ಚು ಇಳಿದು ಬಡವರೂ ಹೋಗುತ್ತಾರೆ. ಈ ನಡುವೆ ಹಣ ಬಂದ ಮನೆಗಳು ಕಟ್ಟಡ ಎಬ್ಬಿಸುವುದರಿಂದ ಗಾರೆಯವರಿಗೆ, ಕೂಲಿಯವರಿಗೆ ಕೆಲಸವೂ ಕೂಲಿಯೂ ಹೆಚ್ಚುತ್ತದೆ. ಜೊತೆಗೇ ಜಾಗದ ಬೆಲೆಯೂ ಏರುವುದರಿಂದ, ಆ ಕೂಲಿ ಕೂಡಿಟ್ಟು ಸೈಟು ಕೊಳ್ಳಬೇಕೆಂದವರಿಗೆ ಅದು ಮತ್ತಷ್ಟು ದೂರವಾಗುತ್ತದೆ.