ಎರಡು ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕಾ?

“ದಿನಾ ವಾಕಿಂಗ್ ಶುರು ಮಾಡಿ 13 ದಿನ ಆಗಿತ್ತು. ಮದುವೆಗೆ ಅಂತ ಊರಿಗೆ ಹೋಗಿ ಎರಡು ದಿನ ತಪ್ಪಿತು. 21 ದಿನದ ಲೆಕ್ಕ ಮತ್ತೆ ಮೊದಲಿಂದ ಶುರು ಮಾಡಬೇಕಾ?”

ಬೇಡ. ನಾಳೆ ಬೆಳಿಗ್ಗೆ ಶೂ ಹಾಕಿಕೊಂಡು ಹೊರಡಿ, ಅಷ್ಟೇ. ಇದನ್ನು ಎಷ್ಟು ಸಲ ಬರೆದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ, ಯಾಕಂದರೆ 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನೋ ಮಾತು ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತುಬಿಟ್ಟಿದೆ.

ಅದು ಬಂದದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರಿಂದ. ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದರು. ಮಾತು ಬಾಯಿಂದ ಬಾಯಿಗೆ ಹೋಗುವಾಗ ಮುಖ ಮರೆತುಹೋಯಿತು. ‘ಕಡಿಮೆ ಅಂದರೂ’ ಅನ್ನೋದೂ ಬಿದ್ದುಹೋಯಿತು. ಉಳಿದದ್ದು ಸಂಖ್ಯೆ ಮಾತ್ರ.

ಅಭ್ಯಾಸವನ್ನೇ ಅಳೆದು ನೋಡಿದವರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು. 96 ಜನ, 12 ವಾರ. ಊಟದ ಜೊತೆ ಹಣ್ಣು, ಒಂದು ಲೋಟ ನೀರು, ಸ್ವಲ್ಪ ಓಟ, ಇಂಥವು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ಬೇಕಾಗಬಹುದು ಅಂತ ಅಂದಾಜು ಬಂತು. ಮಧ್ಯದ ಸಂಖ್ಯೆ 66. ದಯವಿಟ್ಟು ಈಗ 66 ಹಿಡಿದುಕೊಂಡು ಕೂರಬೇಡಿ! ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ ಅನ್ನೋದೂ ಅಲ್ಲೇ ಇದೆ.

‘ನಮ್ಮಲ್ಲೂ ಒಂದು ಮಂಡಲ ಅಂತ 48 ದಿನ ಇದೆಯಲ್ಲ’ ಅಂತೀರಿ. ಅದು ವ್ರತ. ವ್ರತಕ್ಕೆ ಉದ್ಯಾಪನೆ ಇದೆ, ವಾಕಿಂಗ್‌ಗೆ ಇಲ್ಲ.

ಅಭ್ಯಾಸ ನೋಡಬೇಕಾದರೆ ಮನೆ ಮುಂದೆ ರಂಗೋಲಿ ಹಾಕುವವರನ್ನು ನೋಡಿ. ಕಸ ಗುಡಿಸಿ ನೀರು ಚಿಮುಕಿಸಿದರೆ ಸಾಕು, ಕೈ ತಾನಾಗಿ ರಂಗೋಲಿ ಡಬ್ಬಿಗೆ ಹೋಗುತ್ತದೆ. ಒದ್ದೆ ನೆಲವೇ ಕರೆಯುತ್ತದೆ, ಹಾಕುವವರು ದಿನ ಎಣಿಸುವುದಿಲ್ಲ. ಸಾವಿನ ಸೂತಕ ಬಂದರೆ ಅಷ್ಟೂ ದಿನ ಅಂಗಳ ಖಾಲಿ. ಕಳೆದ ಮೇಲೆ ಮತ್ತೆ ಚುಕ್ಕಿ, ಮತ್ತೆ ಎಳೆ. ನಿಮ್ಮ ವಾಕಿಂಗ್‌ಗೂ ಅಂಥ ಒಂದು ಒದ್ದೆ ನೆಲ ಬೇಕು. ಕಾಫಿ ಲೋಟ ತೊಳೆದಿಟ್ಟ ತಕ್ಷಣ ಅಂತಲೋ, ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ ಅಂತಲೋ.

ನೀವು ಕೇಳದಿದ್ದರೂ ಒಂದು ಮಾತು. ವಾಕಿಂಗೇ ಯಾಕೆ? ಎಲ್ಲರೂ ಹೇಳಿದರು ಅಂತ ನಾನು ಎರಡು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಬರೆಯಲು ಕೂತೆ. ತೂಕಡಿಕೆ ಬಿಡಲಿಲ್ಲ. ನನ್ನ ಕೈ ಓಡುವುದು ರಾತ್ರಿ ಊಟದ ಪಾತ್ರೆ ಎತ್ತಿಟ್ಟ ಮೇಲೆ ಅಂತ ಗೊತ್ತಾಗಿದ್ದು, ಯಾವ ದಿನ ಎಷ್ಟು ಸಾಲು ಬಂತು ಅಂತ ಕ್ಯಾಲೆಂಡರ್ ಅಂಚಿನಲ್ಲಿ ಗುರುತು ಹಾಕುತ್ತಾ ಬಂದಾಗ. ನೀವೂ ಆ 13 ದಿನ ನೆನಪಿಸಿಕೊಳ್ಳಿ. ಯಾರೂ ಹೇಳದೆ, ಸುಮ್ನೆ ಇನ್ನೊಂದು ಸುತ್ತು ಹೋಗೋಣ ಅನ್ನಿಸಿದ್ದು ಯಾವತ್ತು? ಅವತ್ತು ಎಷ್ಟು ಹೊತ್ತಿಗೆ ಹೊರಟಿದ್ದಿರಿ, ಜೊತೆಗೆ ಯಾರಿದ್ದರು?