ಏದೆನ್ ತೋಟಕ್ಕೆ ಸೇಬು ಬಂದಿದ್ದು ಎಲ್ಲಿಂದ?

ಚಿಕ್ಕಬಳ್ಳಾಪುರದ ಚರ್ಚೊಂದರ ಭಾನುವಾರದ ಪಾಠದ ಕೋಣೆಯಲ್ಲಿ ಮಾಸಿದ ಚಿತ್ರವೊಂದನ್ನು ನೋಡಿದ್ದೆ. ದೇವರು ತಿನ್ನಬೇಡ ಅಂದ ಹಣ್ಣನ್ನು ತಿಂದ ಮೊದಲ ಹೆಣ್ಣು ಹವ್ವಳ ಕೈಯಲ್ಲಿ ಕೆಂಪು ಸೇಬು, ಪಕ್ಕದಲ್ಲಿ ಹಾವು. ಹೊರಗೆ ಬಂದರೆ ತಳ್ಳುಗಾಡಿ ತುಂಬ ಬೆಂಗಳೂರು ಬ್ಲೂ ದ್ರಾಕ್ಷಿ. ಕಪ್ಪು ಹಣ್ಣಿನ ಮೇಲೆ ವಿಭೂತಿ ಉದುರಿಸಿದಂಥ ಪುಡಿ. ‘ಒಂದು ತಿಂದು ನೋಡಣ್ಣ, ಬೇಡ ಅಂದೋರ್ ಯಾರು?’ ಅಂದರು ಮಾರುವ ಅಕ್ಕ. ನಗು ಬಂತು.

ಬೈಬಲಿನ ಆದಿಕಾಂಡದಲ್ಲಿ ಸೇಬಿನ ಮಾತೇ ಇಲ್ಲ. ‘ಹಣ್ಣು’ ಅಂತಷ್ಟೇ ಇದೆ. ಯಾವ ಹಣ್ಣು ಅಂತ ಯೆಹೂದಿ ಪಂಡಿತರು ತಮ್ಮ ಧರ್ಮಚರ್ಚೆಯ ಗ್ರಂಥ ತಾಲ್ಮೂದ್‌ನಲ್ಲಿ ಜಗ್ಗಾಡಿದ್ದಾರೆ. ಒಬ್ಬರು ದ್ರಾಕ್ಷಿ ಅಂದರು, ಒಬ್ಬರು ಅಂಜೂರ, ಇನ್ನೊಬ್ಬರು ಗೋಧಿ! ದ್ರಾಕ್ಷಿಗೆ ನಮ್ಮ ಜಿಲ್ಲೆಯ ಓಟು ಗ್ಯಾರಂಟಿ. ಆದರೆ ತಪ್ಪು ಮಾಡಿದ ಮೇಲೆ ಹವ್ವ, ಅವಳ ಗಂಡ ಆದಾಮ ಇಬ್ಬರೂ ಅಂಜೂರದ ಎಲೆ ಹೊಲಿದು ಮಾನ ಮುಚ್ಚಿಕೊಂಡರು ಅಂತ ಕಥೆಯೇ ಹೇಳುತ್ತದೆ. ಹಾಗಾಗಿ ಅಂಜೂರದ ವಾದ ಗಟ್ಟಿ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನ ಚಾವಣಿಯಲ್ಲಿ ಮೈಕೆಲೇಂಜೆಲೊ ಬರೆದದ್ದೂ ಅಂಜೂರದ ಮರವನ್ನೇ.

ಸೇಬು ಹೊಕ್ಕಿದ್ದು ಭಾಷೆಯ ಬಾಗಿಲಿಂದ. ಲ್ಯಾಟಿನ್‌ನಲ್ಲಿ ‘ಮಾಲುಮ್’ ಅಂದರೆ ಸೇಬು, ‘ಮಲುಮ್’ ಅಂದರೆ ಕೆಡುಕು. ಬರೆದರೆ ಎರಡೂ ಒಂದೇ. ಹಳೆಯ ಫ್ರೆಂಚಿನಲ್ಲಿ ಹಣ್ಣಿಗೆಲ್ಲ ಇದ್ದ ‘ಪೊಮ್’ ಆಮೇಲೆ ಸೇಬಿಗಷ್ಟೇ ಉಳಿಯಿತು ಅನ್ನುವ ವಾದವೂ ಇದೆ. 1504ರಲ್ಲಿ ಜರ್ಮನ್ ಕಲಾವಿದ ಡ್ಯೂರರ್ ಕೆತ್ತಿದ ಆದಾಮ-ಹವ್ವರ ಚಿತ್ರದ ಹೊತ್ತಿಗೆ ಸೇಬು ತಳ ಊರಿಯಾಗಿತ್ತು. ನಾವು ಸುಮ್ನೆ ಗಂಟಲಮಣಿ ಅನ್ನುವುದು ಇಂಗ್ಲಿಷಿನವರಿಗೆ ‘ಆದಾಮನ ಸೇಬು’.

ಮಾತು ಕೇಳದ ಉಳಿದವರೂ ಹೀಗೇ ಬದಲಾದರು. ದೇವರು ನಿನೆವೆ ಪಟ್ಟಣಕ್ಕೆ ಹೋಗು ಅಂದರೆ ತಾರ್ಷೀಷಿನ ಹಡಗು ಹತ್ತಿದ ಬೈಬಲಿನ ಪ್ರವಾದಿ ಯೋನ, ಇಂಗ್ಲಿಷ್ ನಾವಿಕರ ಬಾಯಲ್ಲಿ ಅಪಶಕುನದ ಮನುಷ್ಯ. ಲೂಕನ ಸುವಾರ್ತೆಯ ಕಿರಿಮಗ ಅಪ್ಪನ ಆಸ್ತಿಯಲ್ಲಿ ಪಾಲು ತಗೊಂಡು ಹೋಗಿ ಹಾಳು ಮಾಡಿ, ಕೊನೆಗೆ ಮನೆಗೆ ವಾಪಸಾದ. ಅವನಿಗಂಟಿದ ಇಂಗ್ಲಿಷ್ ಪದ ‘ಪ್ರಾಡಿಗಲ್’. ಅರ್ಥ ದುಂದುಗಾರ. ಈಗ ಪಕ್ಷ ಬಿಟ್ಟು ವಾಪಸ್ ಬಂದ ರಾಜಕಾರಣಿಗೂ ಅದೇ ಬಿರುದು. ಖರ್ಚು ಮರೆತುಹೋಗಿ, ಬರೀ ವಾಪಸಾತಿ ಉಳಿದಿದೆ. ಕನ್ನಡದಲ್ಲಾದರೆ ‘ಮರಳಿ ಗೂಡಿಗೆ’ ಅಂದು ಮುಗಿಸುತ್ತೇವೆ.

ನಮ್ಮ ಕಥೆ ಬೇರೆಯೇನಲ್ಲ. ಲಕ್ಷ್ಮಣರೇಖೆ ವಾಲ್ಮೀಕಿ ರಾಮಾಯಣದಲ್ಲಿಲ್ಲ, ಆದರೆ ಎಲ್ಲರ ಬಾಯಲ್ಲಿದೆ. 2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ಲಾಕ್‌ಡೌನ್ ಹೇಳಿದ್ದೂ ಆ ಗೆರೆಯ ಹೆಸರಲ್ಲೇ. ಆಮೇಲೆ ದಿನಸಿ ಅಂಗಡಿಗಳ ಮುಂದೆ ಸುಣ್ಣದ ಗೆರೆ ಬಿತ್ತು. ಸುಮ್ನೆ ತಿರುಗಾಡಲು ಹೊರಬಂದ ಹುಡುಗರಿಗೆ ಪೊಲೀಸರು ನಡುರಸ್ತೆಯಲ್ಲೇ ಬಸ್ಕಿ ಹೊಡೆಸಿದರು.